ಮೊದಲ ಮಹಿಳೆ ಯಾರು ಅಂತ ಗೊತ್ತು, ಎರಡನೆಯವರು ಯಾವಾಗ ಬಂದರು?

ಎರಡನೇಬೆಂಚು

ಭಾನುವಾರ ಎಫ್‌ಡಿಎ ಪರೀಕ್ಷೆ ಇದೆ. ಸಾಮಾನ್ಯ ಜ್ಞಾನದ ಪುಸ್ತಕದಲ್ಲಿ ‘ಭಾರತದ ಪ್ರಥಮ ಮಹಿಳೆಯರು’ ಅಂತ ಎರಡು ಪುಟದ ಪಟ್ಟಿ ಇದೆ. ಎಲ್ಲರ ಹಾಗೆ ನಾನೂ ಬಾಯಿಪಾಠ ಹೊಡೆಯುತ್ತಿದ್ದೇನೆ. ಐಎಎಸ್ ಅಂದರೆ ಅನ್ನಾ ರಾಜಂ, ಐಪಿಎಸ್ ಅಂದರೆ ಕಿರಣ್ ಬೇಡಿ, ಹೈಕೋರ್ಟ್ ಅಂದರೆ ಅನ್ನಾ ಚಾಂಡಿ, ಸುಪ್ರೀಂ ಕೋರ್ಟ್ ಅಂದರೆ ಫಾತಿಮಾ ಬೀವಿ.

ನಿನ್ನೆ ರಾತ್ರಿ ತಂಗಿ ಕೈಗೆ ಪುಸ್ತಕ ಕೊಟ್ಟು ಪ್ರಶ್ನೆ ಕೇಳು ಅಂದೆ. ನಾನು ಪಟಪಟ ಉತ್ತರ ಹೇಳುತ್ತಿದ್ದೆ. ಅವಳಿಗೆ ಬೇಜಾರಾಯಿತೋ ಏನೋ, ‘ಸರಿ, ಎರಡನೆಯವರು ಯಾರು?’ ಅಂದಳು. ಒಂದಕ್ಕೂ ಉತ್ತರ ಬರಲಿಲ್ಲ.

ಆಮೇಲೆ ಹುಡುಕುತ್ತಾ ಕೂತೆ. ಓದುವುದು ಬಿಟ್ಟು ಇದೇ ಕೆಲಸ ಆಯಿತು. ಕಿರಣ್ ಬೇಡಿ ಸೇರಿದ್ದು 1972ರಲ್ಲಿ. ಎರಡನೆಯವರು ಕಾಂಚನ್ ಚೌಧರಿ ಭಟ್ಟಾಚಾರ್ಯ, 1973. ನಮ್ಮ ಕರ್ನಾಟಕ ಕೇಡರ್‌ಗೆ ಜೀಜಾ ಹರಿಸಿಂಗ್ ಬಂದಿದ್ದು 1975ರ ಬ್ಯಾಚಿನಲ್ಲಿ. ಅಲ್ಲಿಗೆ ಸರಿ ಹೋಯಿತು.

ಸುಪ್ರೀಂ ಕೋರ್ಟ್ ನೋಡಿ. ಫಾತಿಮಾ ಬೀವಿ 1989. ಎರಡನೆಯವರು ಸುಜಾತಾ ಮನೋಹರ್, 1994. ಮೂರನೆಯವರು ರೂಮಾ ಪಾಲ್, 2000. ನಾಲ್ಕನೆಯವರು ಜ್ಞಾನ ಸುಧಾ ಮಿಶ್ರಾ, 2010! ರೂಮಾ ಪಾಲ್ 2006ರಲ್ಲಿ ನಿವೃತ್ತರಾದ ಮೇಲೆ ಸುಮಾರು ನಾಲ್ಕು ವರ್ಷ ಅಷ್ಟು ದೊಡ್ಡ ಕೋರ್ಟಿನಲ್ಲಿ ಒಬ್ಬ ಹೆಂಗಸೂ ಇರಲಿಲ್ಲ.

ಎರಡು ಕಡೆಯೂ ‘ಪ್ರಥಮ’ ಅಂತಲೇ ಬರೆದಿರುತ್ತಾರೆ. ಹಾಗಾದರೆ ಆ ಪದಕ್ಕೆ ಏನು ಅರ್ಥ? ನಿಮಗೆ ಗೊತ್ತಿರುವ ‘ಎರಡನೆಯವರ’ ಕಥೆ ಇದ್ದರೆ ಹೇಳಿ. ಪರೀಕ್ಷೆಗೆ ಬರಲ್ಲ, ಆದರೂ.

ಕೋರ್ಟುಕಟ್ಟೆ

ನಾನು ವಕೀಲಿ ಮಾಡುವವಳು. ನಿಮ್ಮ ತಂಗಿಯ ಪ್ರಶ್ನೆ ಚೆನ್ನಾಗಿದೆ.

ಒಂದು ಸುಲಭದ ಉತ್ತರ ಇದೆ. ಐಪಿಎಸ್‌ಗೆ ಲಿಖಿತ ಪರೀಕ್ಷೆ ಇದೆ. ಉತ್ತರಪತ್ರಿಕೆ ತಿದ್ದುವವರಿಗೆ ಬರೆದವರು ಗಂಡೋ ಹೆಣ್ಣೋ ಗೊತ್ತಾಗಲ್ಲ. ಸುಪ್ರೀಂ ಕೋರ್ಟಿಗೆ ಅರ್ಜಿಯೂ ಇಲ್ಲ, ಪರೀಕ್ಷೆಯೂ ಇಲ್ಲ. ಒಳಗಿರುವವರು ಹೊರಗಿನವರನ್ನು ಆರಿಸುತ್ತಾರೆ. ಆರಿಸುವವರ ಕಣ್ಣಿಗೆ ಯಾರು ಬೀಳುತ್ತಾರೋ ಅವರು ಒಳಗೆ.

ಆದರೆ ನನ್ನ ಕಸುಬಿನಲ್ಲಿ ‘ಮೊದಲನೆಯವರು’ ಯಾರು ಅನ್ನೋದೇ ತಲೆನೋವಿನ ಪ್ರಶ್ನೆ. ಪುಸ್ತಕದಲ್ಲಿ ಕಾರ್ನೀಲಿಯಾ ಸೊರಾಬ್ಜಿ ಅಂತ ಇರುತ್ತೆ. ಅವರು ಆಕ್ಸ್‌ಫರ್ಡಿನಲ್ಲಿ ಕಾನೂನು ಪರೀಕ್ಷೆ ಬರೆದದ್ದು 1892ರಲ್ಲಿ. ಪದವಿ ಕೊಡಲಿಲ್ಲ. ಆ ವಿಶ್ವವಿದ್ಯಾಲಯ ಹೆಂಗಸರಿಗೆ ಪದವಿ ಕೊಡಲು ಶುರು ಮಾಡಿದ್ದೇ 1920ರಲ್ಲಿ. ಇಲ್ಲಿಗೆ ಬಂದರೆ ಕೋರ್ಟಿನಲ್ಲಿ ವಕೀಲರಾಗಿ ನಿಲ್ಲುವ ಹಾಗಿಲ್ಲ. ಪರದೆಯ ಹಿಂದೆ ಇದ್ದ ಜಮೀನ್ದಾರ ಮನೆಗಳ ಹೆಂಗಸರಿಗೆ ಆಸ್ತಿ ವಿಷಯದಲ್ಲಿ ಸಲಹೆ ಕೊಡುವ ಸರ್ಕಾರಿ ಕೆಲಸದಲ್ಲಿ ವರ್ಷಗಟ್ಟಲೆ ದುಡಿದರು. ಪ್ರಕರಣ ಅವರಿಗೆ ಅಂಗೈಯಷ್ಟು ಗೊತ್ತು, ವಾದ ಮಾಡಲು ಮಾತ್ರ ಗಂಡಸೊಬ್ಬರು ಬೇಕು.

ಇನ್ನೊಬ್ಬರಿದ್ದಾರೆ, ರೆಜಿನಾ ಗುಹಾ. ಕಾನೂನು ಓದಿ ಮುಗಿಸಿ 1916ರಲ್ಲಿ ವಕೀಲಿಕೆಗೆ ಹೆಸರು ನೋಂದಾಯಿಸಿ ಅಂತ ಕೇಳಿದರು. ಪ್ರಶ್ನೆ ಕಲ್ಕತ್ತಾ ಹೈಕೋರ್ಟಿಗೆ ಹೋಯಿತು. ವಕೀಲರ ಕಾಯ್ದೆಯಲ್ಲಿ ‘ವ್ಯಕ್ತಿ’ ಅಂತ ಬರೆದಿತ್ತು, ಮುಂದೆ ಆ ವ್ಯಕ್ತಿಯನ್ನು ‘ಅವನು’ ಅಂತ ಕರೆದಿತ್ತು. ಕಾನೂನಿನಲ್ಲಿ ‘ಅವನು’ ಅಂದರೆ ‘ಅವಳು’ ಕೂಡ ಸೇರುತ್ತದೆ ಅನ್ನುವ ಸಾಮಾನ್ಯ ನಿಯಮ ಆಗಲೇ ಇತ್ತು. ಆದರೂ ಐವರು ನ್ಯಾಯಮೂರ್ತಿಗಳು ಕೂತು, ಆಗಲ್ಲ ಅಂದರು. (ಆ ಕಾಯ್ದೆಯನ್ನು ಕನ್ನಡದಲ್ಲಿ ‘ಅವರು’ ಅಂತ ಬರೆದಿದ್ದರೆ ಏನು ಹೇಳುತ್ತಿದ್ದರೋ!)

1921ರಲ್ಲಿ ಸುಧಾಂಶುಬಾಲಾ ಹಾಜ್ರಾ ಪಟ್ನಾ ಹೈಕೋರ್ಟಿನಲ್ಲಿ ಅದೇ ಕೇಳಿದರು. ಅಲ್ಲೂ ಇಲ್ಲ. ಅದೇ ವರ್ಷ ಅಲಹಾಬಾದ್ ಹೈಕೋರ್ಟ್ ಸೊರಾಬ್ಜಿಯವರನ್ನು ಸೇರಿಸಿಕೊಂಡಿತು. ಕೊನೆಗೆ 1923ರಲ್ಲಿ ಬರೀ ಇದಕ್ಕಾಗಿಯೇ ಒಂದು ಕಾಯ್ದೆ ಬಂತು. ಹೆಂಗಸು ಅನ್ನುವ ಒಂದೇ ಕಾರಣಕ್ಕೆ ಯಾರನ್ನೂ ವಕೀಲಿಕೆಯಿಂದ ದೂರ ಇಡುವಂತಿಲ್ಲ ಅಂತ.

ಈಗ ಹೇಳಿ, ಇದರಲ್ಲಿ ಮೊದಲನೆಯವರು ಯಾರು? ಸೋತ ರೆಜಿನಾ ಗುಹಾ ಯಾವ ಪಟ್ಟಿಯಲ್ಲೂ ಇಲ್ಲ. ಅವರು ಸೋಲದೇ ಇದ್ದಿದ್ದರೆ ಆ ಕಾಯ್ದೆ ಬೇಕು ಅಂತ ಯಾರಿಗೂ ಅನಿಸುತ್ತಲೂ ಇರಲಿಲ್ಲ.

ನೇರಮಾತು

ಎಲ್ಲ ಸರಿ. ಆದರೆ ಎಲ್ಲದಕ್ಕೂ ‘ಹೋರಾಟ’ ಅಂತ ಬಣ್ಣ ಹಚ್ಚುವುದು ಸ್ವಲ್ಪ ಜಾಸ್ತಿ ಆಯಿತು ಅನಿಸುತ್ತದೆ. ಕಾಲ ಬದಲಾಯಿತು, ಹೆಣ್ಣುಮಕ್ಕಳು ಓದಿದರು, ತಾನಾಗೇ ಬಂದರು. ಸ್ವಾತಂತ್ರ್ಯ ಬಂದ ಮೇಲಂತೂ ಸಂವಿಧಾನವೇ ಸಮಾನತೆ ಕೊಟ್ಟಿದೆ. ಪರೀಕ್ಷೆ ಪಾಸಾದವರನ್ನು ಯಾರು ತಡೆದರು?

ಹಳೇಪೇಪರ್

ನೇರಮಾತು ಅವರೇ, ತಡೆದರು. ಅದೂ ಲಿಖಿತ ನಿಯಮ ಮಾಡಿ ತಡೆದರು.

ನಮ್ಮ ಕೊಡಗಿನ ವಿರಾಜಪೇಟೆಯ ಸಿ. ಬಿ. ಮುತ್ತಮ್ಮ. ಯುಪಿಎಸ್‌ಸಿ ಪರೀಕ್ಷೆ ಪಾಸಾಗಿ 1949ರಲ್ಲಿ ವಿದೇಶಾಂಗ ಸೇವೆಗೆ ಸೇರಿದ ಮೊದಲ ಹೆಂಗಸು. ಸೇರುವಾಗಲೇ, ಮದುವೆಯಾದರೆ ರಾಜೀನಾಮೆ ಕೊಡುತ್ತೇನೆ ಅಂತ ಬರೆದುಕೊಡಬೇಕಾಗಿತ್ತು. ಅನ್ನಾ ರಾಜಂ ಅವರ ಕಥೆಯೂ ಅದೇ. ಮದುವೆಯಾದರೆ ಕೆಲಸ ಹೋಗುತ್ತದೆ ಅಂತ ನೇಮಕಾತಿ ಆದೇಶದಲ್ಲೇ ಇತ್ತು. ಸಂವಿಧಾನ ಬಂದದ್ದು 1950, ಆ ಆದೇಶ 1951ರದ್ದು. ‘ತಾನಾಗೇ’ ಅನ್ನೋದು ಇದೇನಾ?

ವಿದೇಶಾಂಗ ಸೇವೆಯಲ್ಲಿ 1961ರಲ್ಲಿ ನಿಯಮಗಳನ್ನು ಬರೆದಾಗಲೂ ಇದನ್ನು ಕೈಬಿಡಲಿಲ್ಲ. ಹೆಣ್ಣು ಅಧಿಕಾರಿ ಮದುವೆಗೆ ಮೊದಲು ಸರ್ಕಾರದ ಲಿಖಿತ ಒಪ್ಪಿಗೆ ಪಡೆಯಬೇಕು. ಮದುವೆಯಾದ ಮೇಲೆ ಸಂಸಾರದಿಂದ ಕೆಲಸಕ್ಕೆ ಅಡ್ಡಿಯಾಗುತ್ತಿದೆ ಅಂತ ಸರ್ಕಾರಕ್ಕೆ ಅನಿಸಿದರೆ ರಾಜೀನಾಮೆ ಕೊಡಿ ಅನ್ನಬಹುದು. ಇನ್ನೊಂದು ನಿಯಮದಲ್ಲಿ, ಮದುವೆಯಾದ ಹೆಂಗಸಿಗೆ ಈ ಸೇವೆಗೆ ನೇಮಕವಾಗುವ ಹಕ್ಕೇ ಇಲ್ಲ ಅಂತ ಇತ್ತು. ಗಂಡಸರ ಸಂಸಾರದ ಬಗ್ಗೆ ಒಂದು ಸಾಲೂ ಇರಲಿಲ್ಲ.

ಮುತ್ತಮ್ಮ 1970ರಲ್ಲಿ ಹಂಗೇರಿಗೆ ರಾಯಭಾರಿಯಾದರು. ಮುಂದೆ ದೊಡ್ಡ ಬಡ್ತಿ ಕೊಡುವ ಹೊತ್ತಿಗೆ ಅರ್ಹತೆ ಸಾಲದು ಅಂದರು. ಅವರು ಸೀದಾ ಸುಪ್ರೀಂ ಕೋರ್ಟಿಗೆ ಹೋದರು. 1979ರಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಪೀಠದ ಮುಂದೆ ಗೆದ್ದರು.

ಕೋರ್ಟುಕಟ್ಟೆ

ಹಳೇಪೇಪರ್ ಸಾರ್, ಒಂದು ಸಣ್ಣ ತಿದ್ದುಪಡಿ. ಎಲ್ಲರೂ ‘ಗೆದ್ದರು’ ಅಂತಲೇ ಬರೆಯುತ್ತಾರೆ. ಕಾಗದದ ಮೇಲೆ ಆ ಅರ್ಜಿ ವಜಾ ಆಯಿತು!

ಆಗಿದ್ದು ಹೀಗೆ. ಪ್ರಕರಣ ಕೋರ್ಟಿನಲ್ಲಿ ಇರುವಾಗಲೇ ಸರ್ಕಾರ ಅವರಿಗೆ ಬಡ್ತಿ ಕೊಟ್ಟುಬಿಟ್ಟಿತು. ಮದುವೆಯಾದ ಹೆಂಗಸಿಗೆ ನೇಮಕದ ಹಕ್ಕಿಲ್ಲ ಅನ್ನುವ ನಿಯಮವನ್ನು 1973ರಲ್ಲೇ ತೆಗೆದಿದ್ದೇವೆ, ಮದುವೆಗೆ ಒಪ್ಪಿಗೆ ಕೇಳುವ ನಿಯಮವನ್ನೂ ತೆಗೆಯುತ್ತಿದ್ದೇವೆ ಅಂತ ಹೇಳಿತು. ಕೇಳಿದ್ದು ಸಿಕ್ಕಿದ ಮೇಲೆ ಅರ್ಜಿಗೆ ಏನು ಉಳಿಯಿತು? ವಜಾ. ಆದರೆ ಕೃಷ್ಣ ಅಯ್ಯರ್ ಸುಮ್ನೆ ಬಿಡಲಿಲ್ಲ. ಮದುವೆಯಾದ ಗಂಡಸಿಗೆ ಇರುವ ಹಕ್ಕು ಮದುವೆಯಾದ ಹೆಂಗಸಿಗೆ ಯಾಕಿಲ್ಲ ಅಂತ ಕೇಳಿ, ಆ ನಿಯಮಗಳನ್ನು ಚೆನ್ನಾಗಿ ಝಾಡಿಸಿ, ಸೇವೆಯ ನಿಯಮಗಳನ್ನೆಲ್ಲ ಮತ್ತೆ ನೋಡಿ ಇಂಥ ಕಲೆ ಇದ್ದರೆ ತೊಳೆಯಿರಿ ಅಂತ ಬರೆದರು. ನಾವು ಇವತ್ತಿಗೂ ಎತ್ತಿ ಹೇಳುವುದು ಆ ಮಾತುಗಳನ್ನೇ.

ಇನ್ನೊಂದು ವಿಷಯ. ಎರಡೇ ವರ್ಷಕ್ಕೆ, 1981ರಲ್ಲಿ, ಗಗನಸಖಿಯರ ಪ್ರಕರಣ ಅದೇ ಕೋರ್ಟಿಗೆ ಬಂತು. ನರ್ಗೇಶ್ ಮಿರ್ಜಾ ಪ್ರಕರಣ ಅಂತ ಹೆಸರು. ಏರ್ ಇಂಡಿಯಾದಲ್ಲಿ ಆಗಿನ ನಿಯಮ ಏನು ಗೊತ್ತಾ? 35 ವರ್ಷಕ್ಕೆ ನಿವೃತ್ತಿ. ಸೇರಿದ ನಾಲ್ಕು ವರ್ಷದೊಳಗೆ ಮದುವೆಯಾದರೆ ಕೆಲಸ ಇಲ್ಲ. ಮೊದಲ ಸಲ ಬಸಿರಾದರೆ ಕೆಲಸ ಇಲ್ಲ. ಕೋರ್ಟು ಬಸಿರಿನ ನಿಯಮವನ್ನು ಕಿತ್ತೆಸೆಯಿತು. ನಾಲ್ಕು ವರ್ಷದ ಮದುವೆ ನಿಯಮ ಮಾತ್ರ ಸರಿಯಾಗಿಯೇ ಇದೆ ಅಂದಿತು. ಅರ್ಧ ಬಾಗಿಲು ತೆಗೆದ ಹಾಗೆ.

ನೇರಮಾತು

ನೇಮಕಾತಿ ಆದೇಶದಲ್ಲೇ ಹಾಗೆ ಬರೆದಿದ್ದರು ಅನ್ನೋದು ನನಗೆ ಗೊತ್ತಿರಲಿಲ್ಲ. ಅದು ತಪ್ಪೇ. ‘ತಾನಾಗೇ’ ಅಂದ ಮಾತು ವಾಪಸ್.

ಲ್ಯಾಬ್‌ಕೋಟು

ಮೂಲ ಪ್ರಶ್ನೆಗೆ ಬರುತ್ತೇನೆ. ವಿಜ್ಞಾನದಲ್ಲಿ ಮೊದಲನೆಯವರು, ಎರಡನೆಯವರು ಇಬ್ಬರ ಕಥೆಯೂ ಬೆಂಗಳೂರಿನದ್ದೇ ಇದೆ. ಎರಡನೆಯವರು ಅಂದರೆ ಲೆಕ್ಕದಲ್ಲಿ ಎರಡನೆಯವರು ಅಂತಲ್ಲ, ಹಿಂದೆ ಬಂದವರು ಅಂತ.

ಕಮಲಾ ಭಾಗವತ್, ಆಮೇಲೆ ಕಮಲಾ ಸೊಹೋನಿ. ಬಾಂಬೆ ವಿಶ್ವವಿದ್ಯಾಲಯದಲ್ಲಿ ಮೊದಲ ಸ್ಥಾನ ಪಡೆದು 1933ರಲ್ಲಿ ಟಾಟಾ ಇನ್‌ಸ್ಟಿಟ್ಯೂಟಿಗೆ, ಅಂದರೆ ಈಗಿನ ಐಐಎಸ್‌ಸಿಗೆ, ಅರ್ಜಿ ಹಾಕಿದರು. ಆಗ ನಿರ್ದೇಶಕರು ಸಿ. ವಿ. ರಾಮನ್. ಹುಡುಗಿಯರಿಗೆ ಸೀಟಿಲ್ಲ ಅಂದುಬಿಟ್ಟರು. ಕಮಲಾ ಬಿಡಲಿಲ್ಲ, ಬೆಂಗಳೂರಿಗೇ ಬಂದು ಪಟ್ಟು ಹಿಡಿದರು. ಕೊನೆಗೆ ಷರತ್ತು ಹಾಕಿ ಸೇರಿಸಿಕೊಂಡರು. ಮೊದಲ ವರ್ಷ ಖಾಯಂ ವಿದ್ಯಾರ್ಥಿನಿ ಅಲ್ಲ, ಕೆಲಸ ನೋಡಿ ಆಮೇಲೆ ತೀರ್ಮಾನ. ಮಾರ್ಗದರ್ಶಕರು ಹೇಳಿದರೆ ರಾತ್ರಿಯೂ ದುಡಿಯಬೇಕು. ಅವರಿಂದ ಗಂಡು ವಿದ್ಯಾರ್ಥಿಗಳ ಗಮನ ಕೆಡಬಾರದು. ಈ ಕೊನೆಯ ಷರತ್ತು ಓದಿದಾಗಲೆಲ್ಲ ನನಗೆ ಮೈ ಉರಿಯುತ್ತದೆ. ಗಮನ ಕೆಟ್ಟರೆ ಅದು ಕೆಡಿಸಿಕೊಂಡವರ ತಪ್ಪಲ್ವಾ?

ಒಂದು ವರ್ಷ ದುಡಿದು ತೋರಿಸಿದರು. 1939ರಲ್ಲಿ ಕೇಂಬ್ರಿಡ್ಜಿನಿಂದ ಪಿಎಚ್‌ಡಿ ಪಡೆದರು. ಗಿಡಗಳ ಜೀವಕೋಶಗಳಲ್ಲಿ ಸೈಟೋಕ್ರೋಮ್ ಸಿ ಅನ್ನುವ ವಸ್ತು ಇದೆ ಅಂತ ತೋರಿಸಿದವರು.

ಈಗ ಹಿಂದೆ ಬಂದವರು. ಅನ್ನಾ ಮಣಿ 1940ರಲ್ಲಿ ಅದೇ ರಾಮನ್ ಅವರ ಪ್ರಯೋಗಾಲಯ ಸೇರಿದರು. ಬಾಗಿಲು ತೆರೆದಾಗಿತ್ತು. ವಜ್ರ, ಮಾಣಿಕ್ಯದ ಹರಳುಗಳು ಬೆಳಕು ಹೊರಸೂಸುವ ಬಗೆಯನ್ನು ಅಧ್ಯಯನ ಮಾಡಿ ಐದು ಪ್ರಬಂಧ ಪ್ರಕಟಿಸಿದರು. 1945ರಲ್ಲಿ ಪಿಎಚ್‌ಡಿಗೆ ಮಹಾಪ್ರಬಂಧ ಸಲ್ಲಿಸಿದರು. ಪದವಿ ಕೊಡಬೇಕಾಗಿದ್ದ ಮದ್ರಾಸ್ ವಿಶ್ವವಿದ್ಯಾಲಯ, ನಿಮಗೆ ಎಂಎಸ್ಸಿ ಇಲ್ಲವಲ್ಲ ಅಂತ ನಿರಾಕರಿಸಿತು. ಪಿಎಚ್‌ಡಿ ಬರಲೇ ಇಲ್ಲ. ಆಮೇಲೆ ಅವರು ಹವಾಮಾನ ಇಲಾಖೆ ಸೇರಿ, ಮಳೆ, ಗಾಳಿ, ಬಿಸಿಲು ಅಳೆಯುವ ಉಪಕರಣಗಳನ್ನು ನಮ್ಮ ದೇಶದಲ್ಲೇ ತಯಾರಿಸುವ ಹಾಗೆ ಮಾಡಿದರು.

ಹಾಗಾಗಿ ಮೊದಲನೆಯವರು ಬಾಗಿಲು ತೆರೆದರೆ ಹಿಂದಿನವರಿಗೆ ಸಲೀಸು ಅಂತ ನಾನು ನಂಬಲ್ಲ. ಬಾಗಿಲು ದಾಟಿದ ಮೇಲೆ ಒಳಗೆ ಇನ್ನೊಂದು ಬಾಗಿಲು ಇರುತ್ತದೆ. ಅದರ ಬೀಗಕ್ಕೆ ‘ಹೆಣ್ಣು’ ಅಂತ ಬರೆದಿರಲ್ಲ, ‘ನಿಯಮ’ ಅಂತ ಬರೆದಿರುತ್ತದೆ.

ಎರಡನೇಬೆಂಚು

ಅನ್ನಾ ಮಣಿ ಅವರ ಪಿಎಚ್‌ಡಿ ವಿಷಯ ಗೊತ್ತೇ ಇರಲಿಲ್ಲ. ತಂಗಿ ಫಿಸಿಕ್ಸ್ ಓದುತ್ತಿದ್ದಾಳೆ, ಓದಿ ಹೇಳಿದೆ. ‘ನೋಡಿದೆಯಾ’ ಅಂದಳು, ಅಷ್ಟೇ. ನನ್ನದೇನೋ ತಪ್ಪು ಇದ್ದ ಹಾಗೆ!

ಅಚ್ಚುಮೊಳೆ

ಕನ್ನಡದ ಕಡೆಯಿಂದ ನಾನೊಂದು ಸೇರಿಸುತ್ತೇನೆ. ನಂಜನಗೂಡು ತಿರುಮಲಾಂಬ ಎಲ್ಲರಿಗೂ ಗೊತ್ತು, ಅಂದರೆ ಹೆಸರು ಗೊತ್ತು. ಹುಟ್ಟಿದ್ದು 1887. ಬಾಲವಿಧವೆ. 1913ರಲ್ಲಿ ‘ಸತೀ ಹಿತೈಷಿಣೀ’ ಅನ್ನುವ ಗ್ರಂಥಮಾಲೆ ಶುರು ಮಾಡಿದರು. ತಾವೇ ಬರೆದು ತಾವೇ ಪ್ರಕಟಿಸಿದರು. ಆಮೇಲೆ ‘ಕರ್ನಾಟಕ ನಂದಿನಿ’ ಮಾಸಪತ್ರಿಕೆ. ಕನ್ನಡದ ಮೊದಲ ಪತ್ರಕರ್ತೆ ಅಂತ ಪ್ರಶ್ನೆಪತ್ರಿಕೆಗೆ ಬರುವುದು ಇವರೇ.

ಎರಡನೆಯವರು ಅಂತ ಕೇಳಿದರೆ ನಾನು ಆರ್. ಕಲ್ಯಾಣಮ್ಮ ಅನ್ನುತ್ತೇನೆ. ಇವರೂ ಬಾಲವಿಧವೆ. ‘ಸರಸ್ವತಿ’ ಪತ್ರಿಕೆಯನ್ನು 40 ವರ್ಷಕ್ಕೂ ಹೆಚ್ಚು ಕಾಲ ನಡೆಸಿದರು. ಒಂದು ಮಾಸಪತ್ರಿಕೆಯನ್ನು 40 ವರ್ಷ ನಡೆಸುವುದು ಅಂದರೆ ಏನು ಅಂತ ಪತ್ರಿಕೆ ಮಾಡಿದವರಿಗೆ ಗೊತ್ತು. ಚಂದಾ ವಸೂಲಿ, ಕಾಗದ, ಅಚ್ಚು, ಅಂಚೆ. ನಾನು ಒಂದು ಸಣ್ಣ ತ್ರೈಮಾಸಿಕ ಮಾಡಿ ಮೂರನೇ ಸಂಚಿಕೆಗೆ ಕೈ ಎತ್ತಿದವನು.

‘ಮೊದಲ’ ಅನ್ನೋದು ಒಂದು ದಿನದ ಸುದ್ದಿ. 40 ವರ್ಷದ ಕೆಲಸವನ್ನು ಒಂದು ಅಂಕದ ಪ್ರಶ್ನೆ ಮಾಡಲು ಬರಲ್ಲ. ಅದಕ್ಕೇ ಕೇಳಲ್ಲ.

ನೇರಮಾತು

ಚುನಾವಣೆಯಲ್ಲಿ ಮೊದಲು ನಿಂತವರು ಯಾರು? ಅದಕ್ಕೂ ಎರಡು ಉತ್ತರ ಇದೆಯೇನೋ ಅಂತ ಈಗ ಅನುಮಾನ ಶುರುವಾಗಿದೆ.

ಹಳೇಪೇಪರ್

ಒಳ್ಳೆಯ ಅನುಮಾನ. 1926ರಲ್ಲಿ ಮದ್ರಾಸ್ ಶಾಸನಸಭೆಗೆ ಹೆಂಗಸರು ನಿಲ್ಲಬಹುದು ಅಂತಾಯಿತು. ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯ ನಿಂತರು. ತಯಾರಿಗೆ ಸಮಯವೇ ಇರಲಿಲ್ಲ, ಸ್ವಲ್ಪದರಲ್ಲಿ ಸೋತರು. ಅದೇ ಸಭೆಗೆ ಡಾಕ್ಟರ್ ಮುತ್ತುಲಕ್ಷ್ಮಿ ರೆಡ್ಡಿ ಅವರನ್ನು ಸರ್ಕಾರ ನಾಮನಿರ್ದೇಶನ ಮಾಡಿತು. ಅವರು ಉಪಾಧ್ಯಕ್ಷೆಯೂ ಆದರು. ದೇವದಾಸಿ ಪದ್ಧತಿ ವಿರುದ್ಧ ಅವರು ಅಲ್ಲಿ ಶುರು ಮಾಡಿದ ಕೆಲಸ ಮದ್ರಾಸಿನಲ್ಲಿ ಪೂರ್ತಿ ಕಾನೂನಾಗಿದ್ದು 1947ರಲ್ಲಿ. ಪುಸ್ತಕದಲ್ಲಿ ಇರುವುದು ಒಳಗೆ ಹೋದವರ ಹೆಸರು. ಮತ ಕೇಳಿ ಸೋತವರದ್ದು ಅಡಿಟಿಪ್ಪಣಿ.

ಸೋತರೂ ಕಮಲಾದೇವಿ ಸುಮ್ಮನೆ ಕೂರಲಿಲ್ಲ. 1930ರ ದಂಡಿ ಯಾತ್ರೆಗೆ ಗಾಂಧೀಜಿ ಆರಿಸಿದವರಲ್ಲಿ ಒಬ್ಬ ಹೆಂಗಸೂ ಇರಲಿಲ್ಲ. ಹೋಗಿ ಅವರೊಂದಿಗೇ ವಾದ ಮಾಡಿದರು. ಉಪ್ಪಿನ ಸತ್ಯಾಗ್ರಹಕ್ಕೆ ಹೆಂಗಸರೂ ಬರಲಿ ಅಂತ ಗಾಂಧೀಜಿ ಒಪ್ಪಿದರು.

ಪಂಚಾಯ್ತಿಕಟ್ಟೆ

ನೀವೆಲ್ಲ ಒಬ್ಬೊಬ್ಬರ ಕಥೆ ಹೇಳುತ್ತಿದ್ದೀರಿ. ‘ಮೊದಲನೆಯವರು’ ಯಾರು ಅಂತ ಹೇಳಲಾಗದ ಜಾಗ ಒಂದಿದೆ. ಯಾಕೆಂದರೆ ಸಾವಿರಾರು ಜನ ಒಟ್ಟಿಗೇ ಬಂದರು.

ಕರ್ನಾಟಕದಲ್ಲಿ 1983ರ ಪಂಚಾಯ್ತಿ ಕಾಯ್ದೆಯಲ್ಲಿ ಹೆಂಗಸರಿಗೆ ನೂರಕ್ಕೆ 25 ಸ್ಥಾನ ಮೀಸಲಿಟ್ಟರು. ಚುನಾವಣೆ ಆಗಿದ್ದು 1987ರಲ್ಲಿ. ದೇಶಕ್ಕೆಲ್ಲ ಮೂರನೇ ಒಂದು ಭಾಗ ಅಂತ 73ನೇ ತಿದ್ದುಪಡಿ ಬಂದದ್ದು 1992ರಲ್ಲಿ, ಅಂದರೆ ಆಮೇಲೆ. 2010ರಿಂದ ನಮ್ಮಲ್ಲಿ ಅರ್ಧಕ್ಕರ್ಧ.

ಆ 2010ರಲ್ಲಿ ನಮ್ಮ ಚಿಕ್ಕಮ್ಮ ಗ್ರಾಮ ಪಂಚಾಯ್ತಿಗೆ ನಿಂತು ಗೆದ್ದರು. ‘ನಿಂತರು’ ಅನ್ನೋದಕ್ಕಿಂತ ನಿಲ್ಲಿಸಿದರು. ವಾರ್ಡು ಮಹಿಳೆಗೆ ಮೀಸಲಾಗಿತ್ತು, ಅದಕ್ಕೆ. ಮೊದಲ ವರ್ಷ ಸಭೆಗೆ ಚಿಕ್ಕಪ್ಪ ಹೋಗುತ್ತಿದ್ದರು, ನಡಾವಳಿ ಪುಸ್ತಕ ಮನೆಗೆ ಬರುತ್ತಿತ್ತು, ಚಿಕ್ಕಮ್ಮ ಸಹಿ ಹಾಕುತ್ತಿದ್ದರು. ನಾವೆಲ್ಲ ನಗುತ್ತಿದ್ದೆವು. ನಾನೂ ನಕ್ಕಿದ್ದೇನೆ, ಈಗ ನಾಚಿಕೆ ಆಗುತ್ತದೆ.

ಒಂದು ದಿನ ಚಿಕ್ಕಮ್ಮ ಸಹಿ ಹಾಕುವ ಮೊದಲು ಓದಿ ನೋಡಿದರು. ಅವರ ಬೀದಿಗೆ ಬೋರ್‌ವೆಲ್ ರಿಪೇರಿ ಆಗಿದೆ ಅಂತ ಬರೆದಿತ್ತು. ಆಗಿರಲಿಲ್ಲ. ನೀರು ಹೊರುವವರು ಅವರೇ ತಾನೇ, ಅವರಿಗೆ ಗೊತ್ತಿರದೆ ಯಾರಿಗೆ ಗೊತ್ತು? ಪುಸ್ತಕ ತಂದವನನ್ನು ಬಾಗಿಲಲ್ಲೇ ನಿಲ್ಲಿಸಿ ಸಹಿ ಹಾಕಲ್ಲ ಅಂದರು. ಮುಂದಿನ ಸಭೆಯಿಂದ ತಾವೇ ಹೋದರು.

ಇಲ್ಲಿಗೆ ಕಥೆ ಮುಗಿಸಿದರೆ ಚೆನ್ನಾಗಿರುತ್ತಿತ್ತು. 2015ಕ್ಕೆ ವಾರ್ಡು ಸಾಮಾನ್ಯಕ್ಕೆ ಹೋಯಿತು. ಚಿಕ್ಕಮ್ಮನಿಗೆ ಮತ್ತೆ ನಿಲ್ಲುವ ಆಸೆ ಇತ್ತು. ಸಾಮಾನ್ಯ ಸೀಟಿಗೆ ಹೆಂಗಸು ನಿಲ್ಲಬಾರದು ಅಂತ ಎಲ್ಲೂ ಇಲ್ಲ. ಮನೆಯಲ್ಲಿ ಮಾತ್ರ ‘ಈ ಸಲ ನಮ್ಮ ಸೀಟು’ ಅಂದರು. ಚಿಕ್ಕಪ್ಪ ನಿಂತರು. ಸೋತರು, ಅದು ಬೇರೆ ವಿಷಯ.

ಕೋರ್ಟುಕಟ್ಟೆ

ಚಿಕ್ಕಪ್ಪ ಸೋತಿದ್ದು ಓದಿ ಜೋರಾಗಿ ನಕ್ಕೆ, ಕ್ಷಮಿಸಿ.

ನಾಲ್ಕನೇಪಾಲು

ಇಷ್ಟು ದಿನ ಬರೀ ಓದುತ್ತಿದ್ದೆ. ಕೋರ್ಟುಕಟ್ಟೆ ಮೇಡಂ ಇದ್ದಾರೆ ಅಂತ ಕೇಳುತ್ತಿದ್ದೇನೆ.

ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಅಂತ ಕಾನೂನು ಇದೆ. ನಮ್ಮ ತಾಯಿ, ದೊಡ್ಡಮ್ಮ ಇಬ್ಬರೂ ಹತ್ತು ವರ್ಷದ ಹಿಂದೆ ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಿ ಹಕ್ಕು ಖುಲಾಸೆ ಪತ್ರಕ್ಕೆ, ಅಂದರೆ ನಮ್ಮ ಪಾಲು ಬಿಟ್ಟುಕೊಟ್ಟಿದ್ದೇವೆ ಅನ್ನುವ ಪತ್ರಕ್ಕೆ, ಸಹಿ ಹಾಕಿ ಬಂದರು. ಮಾವಂದಿರು ಸೀರೆ, ಅರಿಶಿನ ಕುಂಕುಮ ಕೊಟ್ಟು ಕಳಿಸಿದರು. ಯಾರೂ ಬಲವಂತ ಮಾಡಲಿಲ್ಲ. ಕೇಳಿದರೆ ತವರು ತಪ್ಪಿಹೋಗುತ್ತದೆ ಅನ್ನುವ ಭಯ, ಅಷ್ಟೇ. ಇದು ಯಾವ ಲೆಕ್ಕಕ್ಕೆ ಬರುತ್ತದೆ?

ಕೋರ್ಟುಕಟ್ಟೆ

ನಾಲ್ಕನೇಪಾಲು ಅವರೇ, ನನ್ನ ಕಚೇರಿಗೆ ತಿಂಗಳಿಗೆ ಇಂಥ ಎರಡಾದರೂ ಬರುತ್ತವೆ.

ಮೊದಲು ಕಾನೂನು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿ ತಂದೆಯ ಸ್ವಂತ ಆಸ್ತಿಯಲ್ಲಿ ಮಗಳಿಗೆ ಪಾಲು ಬಂತು. ಒಟ್ಟು ಕುಟುಂಬದ ಆಸ್ತಿಯಲ್ಲಿ ಹುಟ್ಟಿನಿಂದ ಬರುವ ಹಕ್ಕು ಮಾತ್ರ ಗಂಡುಮಕ್ಕಳಿಗೇ ಉಳಿಯಿತು. ಕರ್ನಾಟಕ 1994ರಲ್ಲಿ ತಿದ್ದುಪಡಿ ತಂದು ಹೆಣ್ಣುಮಕ್ಕಳಿಗೂ ಕೊಟ್ಟಿತು, ಆದರೆ ಅಷ್ಟರೊಳಗೆ ಮದುವೆಯಾಗಿದ್ದವರನ್ನು ಹೊರಗಿಟ್ಟಿತು. ಅಕ್ಕನಿಗೆ ಇಲ್ಲ, ತಂಗಿಗೆ ಇದೆ. ಎಷ್ಟು ಮನೆಗಳಲ್ಲಿ ಇದರಿಂದ ಮನಸ್ಸು ಮುರಿಯಿತೋ! 2005ರಲ್ಲಿ ಕೇಂದ್ರದ ತಿದ್ದುಪಡಿ ಬಂದು ಆ ಭೇದ ಹೋಯಿತು. ತಂದೆ 2005ಕ್ಕೆ ಮೊದಲೇ ತೀರಿಕೊಂಡಿದ್ದರೆ ಏನು ಅನ್ನುವ ಜಗಳ ಬಹಳ ವರ್ಷ ನಡೆಯಿತು. 2020ರ ಆಗಸ್ಟಿನಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು: ಇದು ಹುಟ್ಟಿನಿಂದ ಬರುವ ಹಕ್ಕು, ತಂದೆ ಅಂದು ಬದುಕಿರಬೇಕು ಅಂತೇನಿಲ್ಲ.

ಈಗ ನಿಮ್ಮ ತಾಯಿಯವರ ವಿಷಯ. ತಿಳಿದು, ಒಪ್ಪಿ, ನೋಂದಾಯಿಸಿದ ಖುಲಾಸೆ ಪತ್ರವನ್ನು ಆಮೇಲೆ ರದ್ದು ಮಾಡಿಸುವುದು ಕಷ್ಟ. ಮೋಸ, ಬಲವಂತ ಇತ್ತು ಅಂತ ತೋರಿಸಬೇಕು. ‘ತವರು ತಪ್ಪುತ್ತದೆ ಅನ್ನುವ ಭಯ’ ಕೋರ್ಟಿನಲ್ಲಿ ಬಲವಂತ ಅನಿಸಿಕೊಳ್ಳುವುದಿಲ್ಲ. ಪತ್ರದ ನಕಲು ಇದ್ದರೆ ಹತ್ತಿರದ ವಕೀಲರಿಗೆ ತೋರಿಸಿ. ಯಾವ ಸರ್ವೆ ನಂಬರಿಗೆ ಸಹಿ ಹಾಕಿದ್ದಾರೆ ಅಂತ ನೋಡಿ. ಕೆಲವು ಸಲ ಒಂದು ಜಮೀನಿಗೆ ಮಾತ್ರ ಹಾಕಿರುತ್ತಾರೆ, ಉಳಿದದ್ದು ಹಾಗೇ ಇರುತ್ತದೆ.

ನಾಲ್ಕನೇಪಾಲು

ಎರಡು ಸರ್ವೆ ನಂಬರ್ ಇತ್ತು ಅಂತ ಅಮ್ಮ ಈಗ ಹೇಳುತ್ತಿದ್ದಾರೆ. ನಕಲು ತೆಗೆಸುತ್ತೇನೆ ಮೇಡಂ. ಅಮ್ಮ ಮಾತ್ರ ‘ಬೇಡ ಬಿಡು’ ಅನ್ನುತ್ತಾ ಪಕ್ಕದಲ್ಲೇ ಕೂತು ನೀವು ಬರೆದಿದ್ದನ್ನು ಎರಡನೇ ಸಲ ಓದಿಸಿಕೊಂಡರು.

ಹಳೇಪೇಪರ್

ಹೆಸರಿನ ಪಟ್ಟಿಯಿಂದ ಶುರುವಾದ ಮಾತು, ಇನ್ನೊಂದು ಪಟ್ಟಿಯ ಕಥೆ ಹೇಳಿಬಿಡುತ್ತೇನೆ.

ಸ್ವತಂತ್ರ ಭಾರತದ ಮೊದಲ ಚುನಾವಣೆ, 1951-52. ಹೆಂಗಸರಿಗೂ ಗಂಡಸರಿಗೂ ಒಂದೇ ಸಲ ಮತದ ಹಕ್ಕು. ಮತದಾರರ ಪಟ್ಟಿ ಬರೆಯಲು ಮನೆಮನೆಗೆ ಹೋದರೆ ಎಷ್ಟೋ ಹೆಂಗಸರು ಹೆಸರೇ ಹೇಳಲಿಲ್ಲ. ಇಂಥವರ ಹೆಂಡತಿ, ಇಂಥವರ ತಾಯಿ ಅಂತ ಬರೆಸಿದರು. ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್, ಹಾಗೆ ನಡೆಯಲ್ಲ, ಸ್ವಂತ ಹೆಸರೇ ಬೇಕು ಅಂದರು. ಹೆಸರು ಸೇರಿಸಲು ಸಮಯ ಕೊಟ್ಟರು. ಆದರೂ ಸುಮಾರು 28 ಲಕ್ಷ ಹೆಂಗಸರನ್ನು ಪಟ್ಟಿಯಿಂದ ತೆಗೆಯಬೇಕಾಯಿತು. ಹೆಚ್ಚಿನವರು ಬಿಹಾರ, ಉತ್ತರ ಪ್ರದೇಶ, ರಾಜಸ್ಥಾನದ ಕಡೆಯವರು. ಮುಂದಿನ ಚುನಾವಣೆಗಳಲ್ಲಿ ಹೆಸರು ಸೇರಿತು.

ಸೇನ್ ಅವರು ಮಾಡಿದ್ದು ಸರಿಯೋ ತಪ್ಪೋ ಅಂತ ನನಗೆ ಇಂದಿಗೂ ತೀರ್ಮಾನ ಮಾಡಲು ಆಗಿಲ್ಲ. ಒಂದು ಮತ ಕಳೆದುಕೊಂಡು ಒಂದು ಹೆಸರು ಪಡೆದರು.

ಅಚ್ಚುಮೊಳೆ

ಸರಿ ಅಂತ ನನ್ನ ಮತ. ಅವತ್ತು ‘ಇಂಥವರ ಹೆಂಡತಿ’ ಅಂತ ಒಪ್ಪಿಕೊಂಡಿದ್ದರೆ ಇವತ್ತಿಗೂ ಹಾಗೇ ಬರೆಯುತ್ತಿದ್ದರು.

ಲ್ಯಾಬ್‌ಕೋಟು

ತಪ್ಪು ಅಂತ ನನ್ನದು. ಹೆಸರು ಕೇಳಲು ಹೋದವರೆಲ್ಲ ಗಂಡಸರೇ ಆಗಿದ್ದರೆ? ಪರಗಂಡಸಿನ ಮುಂದೆ ಹೆಸರು ಹೇಳಬಾರದು ಅಂತ ಬೆಳೆದವರ ಹತ್ತಿರ ಹೆಂಗಸನ್ನೇ ಕಳಿಸಬೇಕಾಗಿತ್ತು. ಕೇಳಿದ ರೀತಿಯ ತಪ್ಪಿಗೆ ಮತ ಹೋಗಿದ್ದು ಯಾರದ್ದು?

ಎರಡನೇಬೆಂಚು

ಇದಕ್ಕೆ ಬೇರೆ ಚರ್ಚೆಯೇ ಬೇಕು, ದಯವಿಟ್ಟು ಸೋಮವಾರ ಶುರು ಮಾಡಿ. ಈಗ ಓದಬೇಕು.

ಪುಸ್ತಕದ ಆ ಎರಡು ಪುಟದ ಅಂಚಿನಲ್ಲಿ ಪೆನ್ಸಿಲಿನಲ್ಲಿ ಎರಡನೆಯವರ ಹೆಸರು ಬರೆಯುತ್ತಾ ಬಂದೆ. ರೆಜಿನಾ ಗುಹಾ ಅವರನ್ನು ಎಲ್ಲಿ ಬರೆಯಬೇಕು ಅಂತ ಗೊತ್ತಾಗಲಿಲ್ಲ, ಮೇಲೆ ಬರೆದೆ, ಸೊರಾಬ್ಜಿಗಿಂತ ಮೇಲೆ. ತಂಗಿ ‘ಪರೀಕ್ಷೆಯಲ್ಲಿ ಮೊದಲ ವಕೀಲೆ ಯಾರು ಅಂತ ಬಂದರೆ ಏನು ಬರೀತೀಯ?’ ಅಂತ ಕೇಳಿದಳು.

ಸೊರಾಬ್ಜಿ ಅಂತಲೇ ಬರೆಯುತ್ತೇನೆ. ಒಂದು ಮಾರ್ಕ್ಸ್ ಬಿಡೋಕಾಗುತ್ತಾ?

ಪಂಚಾಯ್ತಿಕಟ್ಟೆ

ಆಲ್ ದಿ ಬೆಸ್ಟ್. ಚಿಕ್ಕಮ್ಮನಿಗೂ ಓದಿ ಹೇಳಿದೆ. ಮುಂದಿನ ಚುನಾವಣೆ ಯಾವಾಗ ಅಂತ ಕೇಳಿದರು.